ಗರಿ ಉದುರಿದರೆ, ಕಿತ್ತರೆ ಹಕ್ಕಿಗೆ ನೋವಾಗುತ್ತದೆಯೇ? ಸಾಕುವವರಿಗೊಂದು ಮಾರ್ಗದರ್ಶಿ

ತಾನಾಗಿ ಉದುರುವ ಗರಿಯಿಂದ ಹಕ್ಕಿಗೆ ನೋವಾಗುವುದಿಲ್ಲ. ಕಿತ್ತರೆ ನೋವಾಗುತ್ತದೆ. ಇನ್ನೂ ಬೆಳೆಯುತ್ತಿರುವ ಗರಿ ಮುರಿದರಂತೂ ನೋವಿನ ಜೊತೆಗೆ ರಕ್ತವೂ ಹರಿಯುತ್ತದೆ, ಚಿಕ್ಕ ಹಕ್ಕಿಯಾದರೆ ಜೀವಕ್ಕೇ ಕುತ್ತು.

ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ನೆಲದ ತುಂಬ ಪುಕ್ಕ ಬಿದ್ದಿದ್ದರೆ ಅದು ಈ ಮೂರರಲ್ಲಿ ಯಾವುದು ಎಂದು ತಿಳಿಯುವುದು ಹೇಗೆ? ತಿಳಿದ ಮೇಲೆ ಏನು ಮಾಡಬೇಕು? ಹಿತ್ತಿಲಲ್ಲಿ ನಾಲ್ಕಾರು ನಾಟಿ ಕೋಳಿಯನ್ನೋ ಗಿರಿರಾಜ ಕೋಳಿಯನ್ನೋ ಬಿಟ್ಟುಕೊಂಡವರಿಗೆ, ತಾರಸಿಯ ಮೇಲೆ ಪಾರಿವಾಳ ಸಾಕುವವರಿಗೆ, ಅಂಗಡಿಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಬಜ್ರಿಗಾರ್‌ಗಳನ್ನು ಮನೆಗೆ ತಂದವರಿಗೆ ಉಪಯೋಗವಾಗಲೆಂದು ಒಂದೊಂದೇ ಹಂತವಾಗಿ ಬರೆದಿದ್ದೇನೆ. ಕೋಳಿಯ ಉದಾಹರಣೆ ಹೆಚ್ಚು ಬರುತ್ತದೆ. ನಮ್ಮ ಊರುಗಳಲ್ಲಿ ಹೆಚ್ಚು ಜನ ಸಾಕುವುದು ಅದನ್ನೇ, ಹೆಚ್ಚು ನೋವು ತಿನ್ನುವುದೂ ಅದೇ.

ಗರಿಗೆ ಜೀವವಿಲ್ಲ, ಬುಡಕ್ಕೆ ಇದೆ

ಪೂರ್ತಿ ಬೆಳೆದ ಗರಿ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನಮ್ಮ ಉಗುರಿನ ಹಾಗೆ ಅದರಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ. ತುದಿ ಕತ್ತರಿಸಿದರೆ ಹಕ್ಕಿಗೆ ಗೊತ್ತೂ ಆಗದು. ಬುಡಸಮೇತ ಕಿತ್ತರೆ ಕಥೆಯೇ ಬೇರೆ. ಗರಿಯ ದಂಟು ಚರ್ಮದ ಒಂದು ಸಣ್ಣ ಕುಳಿಯೊಳಗೆ ನಾಟಿಕೊಂಡಿರುತ್ತದೆ. ಆ ಕುಳಿಯ ಗೋಡೆಯಲ್ಲಿ ನರಗಳಿವೆ. ಸುತ್ತಲೂ ಪುಟ್ಟ ಸ್ನಾಯುಗಳಿವೆ; ಚಳಿಯಾದಾಗ ಹಕ್ಕಿ ಪುಕ್ಕ ಕೆದರಿಕೊಂಡು ಉಬ್ಬುವುದು, ಬೆದರಿದಾಗ ಪುಕ್ಕವನ್ನು ಮೈಗೆ ಅಂಟಿಸಿಕೊಳ್ಳುವುದು ಈ ಸ್ನಾಯುಗಳಿಂದಲೇ. ಹರ್ಬ್‌ಸ್ಟ್ ಕಣಗಳೆಂಬ ಸ್ಪರ್ಶಗ್ರಾಹಿಗಳು ಕುಳಿಗಳ ಪಕ್ಕದಲ್ಲೇ ಇದ್ದು ಗರಿಯ ಅತಿ ಸಣ್ಣ ಅದುರನ್ನೂ ಮಿದುಳಿಗೆ ಮುಟ್ಟಿಸುತ್ತವೆ. ರೆಕ್ಕೆಯ ದೊಡ್ಡ ಗರಿಗಳಂತೂ ಗಟ್ಟಿ ಎಳೆಗಳಿಂದ ನೇರ ಮೂಳೆಗೇ ಬಿಗಿದಿರುತ್ತವೆ. ಅವನ್ನು ಎಳೆದರೆ ಮೂಳೆಯ ಮೇಲಿನ ಪೊರೆಯನ್ನೇ ಎಳೆದಂತೆ.

ಹೀಗಿರುವಾಗ ಗರಿ ಕಿತ್ತರೂ ಕೋಳಿಗೆ ನೋವಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂತು? ಕೋಳಿ ಸುಮ್ಮನೆ ಕೂರುತ್ತದಲ್ಲ, ಅದರಿಂದ. 1991ರಲ್ಲಿ ಬ್ರಿಟನ್ನಿನ ಮೈಕೆಲ್ ಜೆಂಟಲ್ ಮತ್ತು ಹಂಟರ್ ಎಂಬ ವಿಜ್ಞಾನಿಗಳು ಕೋಳಿಯ ಗರಿ ಕಿತ್ತಾಗ ಅದರ ಮೈಯಲ್ಲಿ ಏನಾಗುತ್ತದೆ ಎಂಬುದನ್ನು ಅಳೆದು ಪ್ರಕಟಿಸಿದರು. ರಕ್ತದೊತ್ತಡ ಏರಿತ್ತು. ಮಿದುಳಿನ ವಿದ್ಯುತ್ ಅಲೆಗಳು ಬದಲಾಗಿದ್ದವು. ಮೊದಮೊದಲು ಬೆಚ್ಚಿ ಒದ್ದಾಡಿದ ಕೋಳಿಗಳು, ಒಂದರ ಹಿಂದೊಂದು ಗರಿ ಕೀಳುತ್ತ ಹೋದಂತೆ ಮುದುಡಿ, ಅಲುಗಾಡದೆ ಕೂತುಬಿಟ್ಟವು. ನೋಡುವವರಿಗೆ ಅದು ಒಗ್ಗಿಕೊಂಡಿತು ಅನ್ನಿಸುತ್ತದೆ. ಒಳಗೆ ನಡೆಯುತ್ತಿದ್ದುದು ಬೇರೆ. ಬೇಟೆಗೆ ಸಿಗುವ ಜೀವಿಗಳೆಲ್ಲ ತಪ್ಪಿಸಿಕೊಳ್ಳಲಾಗದ ನೋವಿನಲ್ಲಿ ಹೀಗೆ ಸ್ತಬ್ಧವಾಗುವುದುಂಟು. ಈ ಬರಹದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹಕ್ಕಿ ಕಿರುಚಲಿಲ್ಲ ಎಂದ ಮಾತ್ರಕ್ಕೆ ಅದಕ್ಕೆ ನೋವಾಗಿಲ್ಲ ಎಂದು ತೀರ್ಮಾನಿಸಬೇಡಿ.

ಹಂತ 1: ಬಿದ್ದ ಗರಿಯನ್ನು ಅಂಗೈಯಲ್ಲಿಟ್ಟು ಬುಡ ನೋಡಿ

ಗುಡಿಸಿ ಎಸೆಯುವ ಮೊದಲು ನಾಲ್ಕೈದು ಗರಿ ಎತ್ತಿಕೊಳ್ಳಿ. ಬೆಳಕಿಗೆ ಹಿಡಿದು, ಚರ್ಮದೊಳಗಿದ್ದ ತುದಿಯನ್ನು ನೋಡಿ. ಹೇಳಬೇಕಾದದ್ದನ್ನೆಲ್ಲ ಅದೇ ಹೇಳುತ್ತದೆ.

ತಾನಾಗಿ ಉದುರಿದ ಗರಿಯ ಬುಡ ಒಣಗಿರುತ್ತದೆ. ಬಿಳುಪಾಗಿ, ಅರೆಪಾರದರ್ಶಕವಾಗಿ, ಒಳಗೆ ಟೊಳ್ಳಾಗಿ ಕಾಣುತ್ತದೆ. ತುದಿ ಸಣ್ಣಗಾಗಿ ಮುಚ್ಚಿಕೊಂಡಿರುತ್ತದೆ, ಬೆರಳಿಗೆ ಏನೂ ಅಂಟುವುದಿಲ್ಲ. ಈ ಗರಿಯ ಕೆಲಸ ಮುಗಿದಿತ್ತು. ಕೆಳಗಿನಿಂದ ಹೊಸ ಗರಿ ಹುಟ್ಟಿ ಹಳೆಯದನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ ಬೀಳಿಸಿದೆ.

ಬುಡದಲ್ಲಿ ಚರ್ಮದ ಚೂರು, ತೇವ ಅಥವಾ ರಕ್ತದ ಕಲೆ ಇದ್ದರೆ ಅದನ್ನು ಯಾರೋ ಕಿತ್ತಿದ್ದಾರೆ. ಆ ‘ಯಾರೋ’ ಇನ್ನೊಂದು ಕೋಳಿ ಇರಬಹುದು, ಹುಂಜ ಇರಬಹುದು, ಹಕ್ಕಿ ತಾನೇ ಇರಬಹುದು.

ಬುಡ ನೀಲಿ, ನೇರಳೆ ಅಥವಾ ಕಡುಗೆಂಪು ಬಣ್ಣದಲ್ಲಿದ್ದು, ಒಳಗೆ ತಿರುಳು ತುಂಬಿಕೊಂಡು, ಹೊರಗೆ ಮೇಣದಂಥ ಸಿಪ್ಪೆ ಇದ್ದರೆ ಅದು ಬೆಳೆಯುತ್ತಿದ್ದ ಎಳೆಗರಿ. ಇದು ನೆಲದ ಮೇಲೆ ಸಿಕ್ಕರೆ ತಡಮಾಡದೆ ಹಕ್ಕಿಯನ್ನು ಹಿಡಿದು ಪರೀಕ್ಷಿಸಿ, ರಕ್ತ ಸೋರುತ್ತಿರಬಹುದು.

ಬುಡವೇ ಇಲ್ಲದೆ ದಂಟು ನಡುವೆ ಕಚ್ಚಿ ಕತ್ತರಿಸಿದಂತಿದ್ದರೆ ಬೆಕ್ಕು, ಮುಂಗುಸಿಯ ಕಡೆ ಅನುಮಾನ ಹೋಗಬೇಕು. ಗಿಡುಗ, ಹದ್ದು ಗರಿಯನ್ನು ಇಡಿಯಾಗಿ ಕೀಳುತ್ತವೆ. ಹಲ್ಲಿರುವ ಪ್ರಾಣಿಗಳು ದಂಟನ್ನು ಕಡಿಯುತ್ತವೆ. ಪಾರಿವಾಳದ ಗೂಡಿನ ಬಳಿ ಪುಕ್ಕದ ರಾಶಿ ಕಂಡಾಗ ಬೇಟೆಗಾರ ಯಾರೆಂದು ಹೀಗೆ ಬೇರೆ ಮಾಡಬಹುದು. ಪಾರಿವಾಳ, ಬೆಳವಗಳು ಗಾಬರಿಯಾದಾಗ ಬಾಲದ ಮತ್ತು ಬೆನ್ನಿನ ಗರಿಗಳನ್ನು ಒಮ್ಮೆಲೇ ಉದುರಿಸಿ ಶತ್ರುವಿನ ಬಾಯಿಂದ ಜಾರಿಕೊಳ್ಳುವುದೂ ಇದೆ. ಪುಕ್ಕ ಬಿದ್ದಿದೆ, ಹಕ್ಕಿ ಮಾತ್ರ ಬಾಲವಿಲ್ಲದೆ ಗೂಡಿನೊಳಗೆ ಕೂತಿದೆ ಅಂದರೆ ರಾತ್ರಿ ಏನೋ ಬಂದಿತ್ತು ಎಂದರ್ಥ. ಜಾಲರಿಯ ಸಂದುಗಳನ್ನು ಅಂದೇ ಮುಚ್ಚಿ.

ಹಂತ 2: ಮೈಯಲ್ಲಿ ಎಲ್ಲಿ ಬೋಳಾಗಿದೆ ಎಂದು ಗುರುತಿಸಿ

ಗರಿ ಬದಲಾಗುವ ಕಾಲದಲ್ಲಿ ಉದುರುವಿಕೆಗೆ ಒಂದು ಕ್ರಮವಿದೆ. ಕೋಳಿಯಲ್ಲಿ ತಲೆ, ಕತ್ತಿನಿಂದ ಶುರುವಾಗಿ ಎದೆ, ಬೆನ್ನು, ರೆಕ್ಕೆ, ಕೊನೆಗೆ ಬಾಲ. ಎಡ ರೆಕ್ಕೆಯಲ್ಲಿ ಯಾವ ಗರಿ ಬಿತ್ತೋ ಬಲ ರೆಕ್ಕೆಯಲ್ಲೂ ಸುಮಾರಾಗಿ ಅದೇ ಬೀಳುತ್ತದೆ, ಹಾರುವ ಹಕ್ಕಿಯ ತೂಕ ಒಂದು ಬದಿಗೆ ವಾಲದಿರಲೆಂದು. ಉದುರಿದ ಜಾಗದಲ್ಲಿ ಆಗಲೇ ಎಳೆಗರಿಯ ಮೊನೆಗಳು ಎದ್ದಿರುತ್ತವೆ. ಇವು ಇದ್ದರೆ ನಿಶ್ಚಿಂತೆಯಿಂದಿರಿ.

ಮೊನೆಗಳಿಲ್ಲದೆ ಒಂದೇ ಕಡೆ ಬೋಳಾಗಿದ್ದರೆ ಜಾಗವೇ ಕಾರಣ ಹೇಳುತ್ತದೆ. ಹೇಂಟೆಯ ಬೆನ್ನು ಮತ್ತು ತಲೆಯ ಹಿಂಭಾಗ ಬೋಳಾಗಿದ್ದರೆ ಹುಂಜ ಮತ್ತೆ ಮತ್ತೆ ಏರಿ ತುಳಿದು ಕೊಕ್ಕಿನಿಂದ ಹಿಡಿದಿದೆ. ಬಾಲದ ಬುಡ ಮತ್ತು ಗುದದ್ವಾರದ ಸುತ್ತ ಬೋಳಾಗಿದ್ದರೆ ಬೇರೆ ಕೋಳಿಗಳು ಕುಕ್ಕುತ್ತಿವೆ ಇಲ್ಲವೇ ಹೇನು ಸೇರಿದೆ. ಕತ್ತಿನ ಮುಂಭಾಗ ಮಾತ್ರ ಸವೆದಿದ್ದರೆ ಮೇವಿನ ತೊಟ್ಟಿಯ ಅಂಚೋ ತಂತಿಯೋ ಉಜ್ಜುತ್ತಿದೆ. ಕಾವಿಗೆ ಕೂತ ಹೇಂಟೆಯ ಹೊಟ್ಟೆ ಬೋಳಾಗುವುದು ಪ್ರಕೃತಿ ಮಾಡಿಕೊಟ್ಟ ಅನುಕೂಲ. ಮೊಟ್ಟೆಗೆ ಮೈಯ ಬಿಸಿ ನೇರವಾಗಿ ತಾಗಬೇಕು. ಬಾತು, ಹೆಬ್ಬಾತುಗಳು ಗೂಡಿಗೆ ಹಾಸಲು ತಮ್ಮ ಎದೆಯ ಮೆತ್ತನೆಯ ತುಪ್ಪುಳನ್ನು ತಾವೇ ಕಿತ್ತುಕೊಳ್ಳುತ್ತವೆ, ಅದಕ್ಕೂ ಗಾಬರಿ ಬೇಡ. ಹುಟ್ಟಿನಿಂದಲೇ ಕತ್ತಿನಲ್ಲಿ ಪುಕ್ಕವಿಲ್ಲದ ಕೋಳಿ ತಳಿ ಇದೆ, ಅದು ರೋಗವಲ್ಲ.

ಪಂಜರದ ಗಿಳಿ ಜಾತಿಯ ಹಕ್ಕಿಗಳಿಗೆ ಒಂದು ಸುಲಭ ಪರೀಕ್ಷೆ ಇದೆ. ಮೈಯೆಲ್ಲ ಬೋಳಾಗಿದ್ದು ತಲೆಯ ಗರಿ ಮಾತ್ರ ಚೆನ್ನಾಗಿದ್ದರೆ ಹಕ್ಕಿ ತಾನೇ ಕಿತ್ತುಕೊಳ್ಳುತ್ತಿದೆ, ಏಕೆಂದರೆ ಅದರ ಕೊಕ್ಕು ತನ್ನ ತಲೆಗೆ ಎಟುಕುವುದಿಲ್ಲ. ತಲೆಯೇ ಬೋಳಾಗಿದ್ದರೆ ಜೊತೆಗಾರ ಕೀಳುತ್ತಿದೆ, ಅಥವಾ ಕಾಯಿಲೆ.

ಹಂತ 3: ಹಕ್ಕಿಯನ್ನು ದೂರದಿಂದ ಸ್ವಲ್ಪ ಹೊತ್ತು ಗಮನಿಸಿ

ಕೈಗೆತ್ತಿಕೊಳ್ಳುವ ಮೊದಲೇ ಇದನ್ನು ಮಾಡಬೇಕು. ಮನುಷ್ಯ ಹತ್ತಿರ ಬಂದ ಕೂಡಲೇ ಹಕ್ಕಿ ಎದ್ದು ನಿಂತು ಚೆನ್ನಾಗಿರುವಂತೆ ತೋರಿಸಿಕೊಳ್ಳುತ್ತದೆ. ಕಿಟಕಿಯ ಹಿಂದೆ ನಿಂತು, ಅದು ನಿಮ್ಮನ್ನು ಮರೆಯುವವರೆಗೆ ಕಾಯಿರಿ.

ನೋವಿರುವ ಹಕ್ಕಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ಕತ್ತು ಒಳಗೆಳೆದುಕೊಂಡು ಕೂರುತ್ತದೆ. ಹಿಂಡಿನಿಂದ ಬೇರೆಯಾಗಿ ಮೂಲೆ ಹಿಡಿಯುತ್ತದೆ. ಮೇವು ಚೆಲ್ಲಿದರೆ ಕೊನೆಗೆ ಬರುತ್ತದೆ, ಬಂದರೂ ಒಂದೆರಡು ಕಾಳು ಹೆಕ್ಕಿ ನಿಲ್ಲುತ್ತದೆ. ಒಂದು ರೆಕ್ಕೆ ಜೋತುಬಿದ್ದಿರಬಹುದು. ಒಂದೇ ಜಾಗವನ್ನು ಮತ್ತೆ ಮತ್ತೆ ಕೊಕ್ಕಿನಿಂದ ತಡವುತ್ತಿರಬಹುದು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ವಿಷಯ ಗರಿಯನ್ನು ಮೀರಿದೆ, ಅಂದೇ ಪಶುವೈದ್ಯರ ಬಳಿ ಹೋಗಿ.

ಗರಿ ಬದಲಾಯಿಸುತ್ತಿರುವ ಆರೋಗ್ಯವಂತ ಕೋಳಿ ಸ್ವಲ್ಪ ಮಂಕಾಗಿರುತ್ತದೆ, ಮುಟ್ಟಿಸಿಕೊಳ್ಳಲು ಒಲ್ಲದು. ಆದರೆ ಕೆದಕುವುದು, ಮೇವಿಗೆ ಓಡಿಬರುವುದು ನಿಂತಿರುವುದಿಲ್ಲ. ಹಳೆಯ ಗರಿ ಬೀಳುವಾಗ ನೋವಿಲ್ಲದಿದ್ದರೂ ಹೊಸದು ಚರ್ಮ ತೂರಿ ಬರುವಾಗ ಕಿರಿಕಿರಿ, ತುರಿಕೆ ಇದ್ದೇ ಇದೆ.

ಹಂತ 4: ಗರಿ ಬದಲಾಗುವ ಕಾಲವಾದರೆ ಮೇವು ಬಲಪಡಿಸಿ, ಕೈ ದೂರವಿಡಿ

ಹೇಂಟೆ ಸುಮಾರು ಒಂದೂವರೆ ವರ್ಷವಾದಾಗ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಗರಿ ಬದಲಾಯಿಸುತ್ತದೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಎರಡು ಮೂರು ತಿಂಗಳು ಹಿಡಿಯುತ್ತದೆ. ಮೊಟ್ಟೆ ನಿಲ್ಲುತ್ತದೆ. ‘ಕೋಳಿಗೆ ವಯಸ್ಸಾಯ್ತು, ಇನ್ನು ಮೊಟ್ಟೆ ಇಡಲ್ಲ’ ಎಂದು ಸಾರಿಗೆ ಹಾಕುವವರು ಬಹಳ ಜನ ಈ ಹೊತ್ತಿನಲ್ಲೇ ಎಡವುತ್ತಾರೆ. ಗರಿಯ ಶೇ. 85ಕ್ಕಿಂತ ಹೆಚ್ಚು ಭಾಗ ಪ್ರೋಟೀನ್. ದೇಹ ಅಷ್ಟನ್ನೂ ಗರಿಗೆ ಸುರಿಯುತ್ತಿರುವುದರಿಂದ ಮೊಟ್ಟೆಗೆ ಉಳಿಯುವುದಿಲ್ಲ. ಹೊಸ ಪುಕ್ಕ ಬಂದ ಮೇಲೆ ಅದು ಮತ್ತೆ ಇಡುತ್ತದೆ. ಮರಿಗಳು ಮೊದಲ ಕೆಲವು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಪುಕ್ಕ ಬದಲಾಯಿಸುತ್ತವೆ, ಆಗ ಅಲ್ಲಲ್ಲಿ ಹರಕಾಗಿ ಕಾಣುವುದು ಸಹಜ.

ಈ ದಿನಗಳಲ್ಲಿ ಬರೀ ಜೋಳ, ನುಚ್ಚು, ಮುಸುರೆ ಅನ್ನ ಸಾಲದು. ಮೊಟ್ಟೆ ಕೋಳಿಗೆ ಮಾರುವ ಸಿದ್ಧ ಮೇವು ಕೊಡಿ, ಇಲ್ಲದಿದ್ದರೆ ಇರುವ ಮೇವಿಗೆ ಸೋಯಾ ಹಿಂಡಿ, ಶೇಂಗಾ ಹಿಂಡಿ, ಬೇಯಿಸಿದ ಮೊಟ್ಟೆ, ನೀರಿನಲ್ಲಿ ಬೆಳೆಸುವ ಅಜೋಲ್ಲಾ ಎಂಬ ಹಸಿರು ಮೇವು ಸೇರಿಸಿ. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಮುಟ್ಟಬೇಡಿ, ಅದರ ವಿಷ ಕೋಳಿಯ ಯಕೃತ್ತನ್ನು (ಲಿವರ್) ಹಾಳುಮಾಡುತ್ತದೆ. ಒಣಮೀನು ಒಳ್ಳೆಯದು, ಆದರೆ ಉಪ್ಪು ಹಾಕಿ ಒಣಗಿಸಿದ್ದು ಬೇಡ. ಉಪ್ಪು ಹೆಚ್ಚಾದರೆ ಕೋಳಿ ತಡೆಯದು.

ಮೇವಿಗಿಂತ ಮುಖ್ಯವಾದದ್ದು ಮುಟ್ಟದಿರುವುದು. ಎಳೆಗರಿಯೊಳಗೆ ರಕ್ತನಾಳವಿದೆ, ನರವಿದೆ. ಮೈ ತುಂಬ ಇವು ಎದ್ದಿರುವ ಕೋಳಿಯನ್ನು ರೆಕ್ಕೆ ಹಿಡಿದು ಎತ್ತಿದರೆ, ಮಕ್ಕಳು ಪ್ರೀತಿಯಿಂದ ಬೆನ್ನು ಸವರಿದರೂ ಅದಕ್ಕೆ ಚುಚ್ಚುತ್ತದೆ. ಕೆಲವರು ಸಹಾಯ ಮಾಡಲು ಹೋಗಿ ಎಳೆಗರಿಯ ಮೇಲಿನ ಸಿಪ್ಪೆಯನ್ನು ಉಗುರಿನಿಂದ ಬಿಡಿಸುತ್ತಾರೆ. ಸಿಪ್ಪೆ ಒಣಗಿ ಬೆಳ್ಳಗೆ ಪುಡಿಯಾಗುವ ತನಕ ಅದರೊಳಗೆ ಜೀವವಿರುತ್ತದೆ. ಒಂಟಿಯಾಗಿ ಸಾಕಿದ, ಕೈಗೆ ಪಳಗಿದ ಗಿಳಿಜಾತಿಯ ಹಕ್ಕಿ ತಲೆ ಬಗ್ಗಿಸಿ ತಾನಾಗಿ ಕೇಳಿದರೆ ಮಾತ್ರ, ತಲೆಯ ಮೇಲಿನ ಒಣ ಸಿಪ್ಪೆಯನ್ನು ಬೆರಳ ತುದಿಯಿಂದ ಹಗುರವಾಗಿ ಉಜ್ಜಬಹುದು. ಅದು ಕತ್ತು ಹಿಂದೆಗೆದ ಕೂಡಲೇ ನಿಲ್ಲಿಸಬೇಕು.

ಹಂತ 5: ಎಳೆಗರಿ ಮುರಿದು ರಕ್ತ ಬರುತ್ತಿದ್ದರೆ

ಇದು ತುರ್ತು. 35 ಗ್ರಾಂ ತೂಗುವ ಬಜ್ರಿಗಾರ್ ಮೈಯಲ್ಲಿ ಇರುವ ರಕ್ತ ಸುಮಾರು 3.5 ಮಿ.ಲೀ., ಅಂದರೆ ಒಂದು ಟೀ ಚಮಚೆಗೂ ಕಡಿಮೆ. ಆರೋಗ್ಯವಾಗಿರುವ ಹಕ್ಕಿ ತನ್ನ ತೂಕದ ಶೇ. 1ರಷ್ಟು ರಕ್ತ ಕಳೆದುಕೊಂಡರೆ ತಡೆದುಕೊಳ್ಳುತ್ತದೆ. ಈ ಪುಟ್ಟ ಹಕ್ಕಿಗೆ ಆ ಲೆಕ್ಕ ಏಳು ಹನಿ. ಎರಡು ಕೆ.ಜಿ. ಕೋಳಿಗೆ ಅಷ್ಟು ಆತಂಕವಿಲ್ಲ, ಆದರೆ ರಕ್ತದ ಕೆಂಪು ಕಂಡ ಕೂಡಲೇ ಉಳಿದ ಕೋಳಿಗಳು ಮುಗಿಬಿದ್ದು ಕುಕ್ಕುತ್ತವೆ. ಹಾಗಾಗಿ ಮೊದಲ ಕೆಲಸ, ಬೇರೆ ಮಾಡುವುದು.

ಬೆಳಕು ಕಡಿಮೆ ಮಾಡಿ, ಫ್ಯಾನ್ ನಿಲ್ಲಿಸಿ. ಹತ್ತಿಯ ಟವೆಲ್‌ನಲ್ಲಿ ಹಕ್ಕಿಯನ್ನು ಸಡಿಲವಾಗಿ ಸುತ್ತಿ, ಗಾಯವಾದ ರೆಕ್ಕೆ ಮಾತ್ರ ಹೊರಗಿರಲಿ. ಎದೆಯನ್ನು ಒತ್ತಿ ಹಿಡಿಯಲೇಬಾರದು. ಹಕ್ಕಿಗಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು ಇಲ್ಲ. ಎದೆಮೂಳೆ ಹೊರಗೆ ಒಳಗೆ ಆಡಿದರೆ ಮಾತ್ರ ಉಸಿರು. ಗಟ್ಟಿಯಾಗಿ ಹಿಡಿದ ಕೈಯಲ್ಲೇ ಹಕ್ಕಿ ಉಸಿರುಗಟ್ಟಿ ಸಾಯುವುದು ಹೀಗೆ.

ಯಾವ ಗರಿಯಿಂದ ರಕ್ತ ಬರುತ್ತಿದೆ ಎಂದು ಹುಡುಕಿ. ಮುರಿದ ದಂಟಿನ ತುದಿಗೆ ಕಾರ್ನ್‌ಫ್ಲೋರ್ ಅಥವಾ ಮೈದಾ ಹಿಟ್ಟು ಮೆತ್ತಿ, ಶುದ್ಧ ಬಟ್ಟೆಯಿಂದ ಎರಡು ಮೂರು ನಿಮಿಷ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡುತ್ತಿದ್ದರೆ ಹೆಪ್ಪುಗಟ್ಟುವುದಿಲ್ಲ. ನಿಂತ ಮೇಲೆ ರಟ್ಟಿನ ಡಬ್ಬಿಯಲ್ಲಿ, ಬೆಚ್ಚಗಿನ ಕತ್ತಲೆ ಮೂಲೆಯಲ್ಲಿ ಒಂದೆರಡು ಗಂಟೆ ಬಿಡಿ, ಮತ್ತೆ ಹಾರಾಡಿದರೆ ಹೆಪ್ಪು ಒಡೆಯುತ್ತದೆ. ಎಣ್ಣೆ, ತುಪ್ಪ, ವ್ಯಾಸಲೀನ್ ಹಚ್ಚಬೇಡಿ. ಜಿಡ್ಡು ಪಕ್ಕದ ಗರಿಗಳಿಗೆ ಹರಡಿದರೆ ಅವು ಮೈ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತವೆ, ಹಕ್ಕಿ ಅದನ್ನು ನೆಕ್ಕಿ ಹೊಟ್ಟೆಗೂ ಹೋಗುತ್ತದೆ.

‘ರಕ್ತ ಬರುವ ಗರಿಯನ್ನು ಕಿತ್ತುಬಿಡಿ, ತಾನೇ ನಿಲ್ಲುತ್ತದೆ’ ಎಂಬ ಸಲಹೆ ಬಹಳ ಕಾಲದಿಂದ ಬಾಯಿಂದ ಬಾಯಿಗೆ ಬಂದಿದೆ. ದಯವಿಟ್ಟು ಮನೆಯಲ್ಲಿ ಇದಕ್ಕೆ ಕೈ ಹಾಕಬೇಡಿ. ಜೀವಂತ ಗರಿಯನ್ನು ಮೂಳೆಯಿಂದ ಎಳೆಯುವ ನೋವು ವಿಪರೀತ. ಕುಳಿ ಹರಿದರೆ ಅಲ್ಲಿಂದ ರಕ್ತ ಇನ್ನೂ ಹೆಚ್ಚುತ್ತದೆ, ಮುಂದೆ ಅಲ್ಲಿ ಗರಿ ಬಾರದೆಯೋ ವಕ್ರವಾಗಿಯೋ ಬೆಳೆಯಬಹುದು, ಸಣ್ಣ ಹಕ್ಕಿಯ ಮೂಳೆಯೂ ಮುರಿಯಬಹುದು. ಒತ್ತಿ ಹಿಡಿದರೂ ನಿಲ್ಲದಿದ್ದರೆ ಒತ್ತಿಕೊಂಡೇ ವೈದ್ಯರ ಬಳಿ ಹೋಗಿ. ಗರಿ ತೆಗೆಯಲೇಬೇಕಾದರೆ ನೋವು ತಿಳಿಯದಂತೆ ಮಾಡಿ ಅವರು ತೆಗೆಯುತ್ತಾರೆ.

ಮನುಷ್ಯರ ನೋವಿನ ಮಾತ್ರೆಯನ್ನು ಪುಡಿಮಾಡಿ ಕುಡಿಸುವುದು ಬೇಡವೇ ಬೇಡ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಲ್ಲಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದಿತು. 2006ರಲ್ಲಿ ಪಶುಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸಬೇಕಾಯಿತು. ರಾಮನಗರದ ಬೆಟ್ಟಗಳಲ್ಲಿ ಇಂದು ಬೆರಳೆಣಿಕೆಯ ರಣಹದ್ದುಗಳು ಉಳಿದಿರುವ ಹಿನ್ನೆಲೆಯಲ್ಲಿ ಇದನ್ನು ನಾವಂತೂ ಮರೆಯಬಾರದು. ಹಕ್ಕಿಯ ದೇಹ ಔಷಧವನ್ನು ನಮ್ಮ ಹಾಗೆ ಅರಗಿಸುವುದಿಲ್ಲ.

ಹಂತ 6: ಕಿತ್ತದ್ದು ಯಾರೆಂದು ಹುಡುಕಿ, ಕಾರಣ ತೆಗೆಯಿರಿ

ಮೊದಲು ಹೇನು, ಉಣ್ಣೆ. ಹಗಲಲ್ಲಿ ಬಾಲದ ಬುಡದ ಪುಕ್ಕ ಬಿಡಿಸಿ ನೋಡಿದರೆ ಹೇನು ಓಡುವುದು, ಗರಿಯ ಬುಡಕ್ಕೆ ಬಿಳಿ ಮೊಟ್ಟೆಗಳು ಗುಂಪಾಗಿ ಅಂಟಿರುವುದು ಕಾಣುತ್ತದೆ. ಆದರೆ ಕೆಂಪು ನುಸಿ ಮತ್ತು ಕೋಳಿ ಉಣ್ಣೆ ಹಗಲಲ್ಲಿ ಮೈಮೇಲೆ ಇರುವುದೇ ಇಲ್ಲ. ಮರದ ಸಂದಿನಲ್ಲಿ, ಗೋಡೆಯ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತವೆ. ಕತ್ತಲಾಗಿ ಎರಡು ಗಂಟೆಯ ನಂತರ ಟಾರ್ಚ್ ಹಿಡಿದು ಹೋಗಿ, ಕೋಳಿ ಕೂತ ಗಳದ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯ ಮೇಲೆ ಕೆಂಪು ಗೀಟು ಬಿದ್ದರೆ ಗೂಡಿನ ತುಂಬ ನುಸಿ ಇದೆ. ಕೋಳಿಗಳನ್ನು ಹೊರಗೆ ಬಿಟ್ಟು ಗಳ, ಸಂದುಗಳಿಗೆ ಕುದಿಯುವ ನೀರು ಸುರಿಯಿರಿ, ಕೆಲವು ದಿನ ಬಿಟ್ಟು ಮತ್ತೊಮ್ಮೆ ಸುರಿಯಿರಿ. ಒಣ ಮಣ್ಣು, ಸೌದೆಯ ಬೂದಿ ಬೆರೆಸಿದ ಒಂದು ಗುಂಡಿ ಕೋಳಿಗಳಿಗೆ ಹೊರಳಲು ಸದಾ ಇರಲಿ. ದನಕ್ಕೆ ತಂದ ಉಣ್ಣೆ ಔಷಧವನ್ನು ಅದೇ ಅಳತೆಯಲ್ಲಿ ಕೋಳಿಗೆ ಹಚ್ಚಬೇಡಿ. ಕೋಳಿಗೆ ಯಾವುದು, ಎಷ್ಟು ಎಂದು ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ಕೋಳಿಗಳೇ ಒಂದನ್ನೊಂದು ಕುಕ್ಕುತ್ತಿದ್ದರೆ ಸಾಮಾನ್ಯವಾಗಿ ಇಕ್ಕಟ್ಟು, ಬೇಸರ, ಪ್ರೋಟೀನ್ ಕೊರತೆ ಇವುಗಳಲ್ಲಿ ಒಂದು ಇದ್ದೇ ಇರುತ್ತದೆ. ಜಾಗ ಹೆಚ್ಚಿಸಿ. ಸೊಪ್ಪಿನ ಕಟ್ಟನ್ನು ಕೊಕ್ಕಿಗೆ ಎಟುಕುವ ಎತ್ತರಕ್ಕೆ ಕಟ್ಟಿ, ಕಾಳನ್ನು ಒಣ ಎಲೆಯ ರಾಶಿಯಲ್ಲಿ ಎರಚಿ, ಕೆದಕಲು ಕೆಲಸ ಕೊಡಿ. ಹುಂಜಗಳು ಜಾಸ್ತಿಯಾಗಿದ್ದರೆ ಎಂಟು ಹತ್ತು ಹೇಂಟೆಗೆ ಒಂದು ಸಾಕು.

ತನ್ನ ಗರಿಯನ್ನು ತಾನೇ ಕೀಳುವ ಪಂಜರದ ಹಕ್ಕಿಯದು ಕಷ್ಟದ ಸಂಗತಿ. ಆಫ್ರಿಕನ್ ಗ್ರೇ, ಕಾಕಟೂ ಎಂಬ ಗಿಳಿ ಜಾತಿಗಳಲ್ಲಿ ಇದು ಹೆಚ್ಚು. ಜನ ಇದನ್ನು ಕೆಟ್ಟ ಅಭ್ಯಾಸ ಎಂದು ಬೈಯುತ್ತಾರೆ, ಪಂಜರ ತಟ್ಟುತ್ತಾರೆ. ನೋವು ಕೊಡುವ ಕೆಲಸವನ್ನು ಒಂದು ಜೀವಿ ದಿನವೂ ಮಾಡಿಕೊಳ್ಳುತ್ತಿದೆ ಅಂದರೆ ಅದರ ಒಳಗೆ ಅದಕ್ಕಿಂತ ದೊಡ್ಡ ಕಿರಿಕಿರಿ ಇದೆ. ಚರ್ಮದ ಸೋಂಕು, ಯಕೃತ್ತಿನ ತೊಂದರೆ, ಬರೀ ಸೂರ್ಯಕಾಂತಿ ಬೀಜದ ಆಹಾರ, ಒಂಟಿತನ, ರಾತ್ರಿ ಹನ್ನೊಂದರವರೆಗೆ ಟಿವಿ ಬೆಳಕಿನಲ್ಲಿ ನಿದ್ದೆಗೇಡು, ಯಾವುದೂ ಆಗಬಹುದು. ವೈದ್ಯರ ತಪಾಸಣೆ ಮೊದಲು. ಜೊತೆಗೆ ಹತ್ತರಿಂದ ಹನ್ನೆರಡು ಗಂಟೆ ಕತ್ತಲು, ಮೈ ತೊಳೆಯಲು ನೀರು, ಕಚ್ಚಿ ಹರಿಯಲು ಮರದ ತುಂಡು, ತೆಂಗಿನ ನಾರು, ಪಂಜರದ ಹೊರಗೆ ಓಡಾಟ. ಕುಳಿ ಮತ್ತೆ ಮತ್ತೆ ಗಾಯಗೊಂಡರೆ ಕೊನೆಗೆ ಗರಿ ಹುಟ್ಟುವುದೇ ನಿಲ್ಲುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಕಾಯಬಾರದು. ನಮ್ಮ ತೋಟಗಳಲ್ಲಿ ಕಾಣುವ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಥದ್ದು ಬೋಳಾಗಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಹಂತ 7: ಹಾರಿಹೋಗದಿರಲೆಂದು ರೆಕ್ಕೆಯ ಗರಿ ಕತ್ತರಿಸುವ ಮುನ್ನ

ಬೆಳೆದ ಗರಿಯನ್ನು ಕತ್ತರಿಯಿಂದ ಕತ್ತರಿಸಿದರೆ ನೋವಿಲ್ಲ. ಹಾಗೆಂದು ಇದು ನಿರಪಾಯವೂ ಅಲ್ಲ. ರೆಕ್ಕೆಯನ್ನು ಬೆಳಕಿಗೆ ಹಿಡಿದು ಕೆಳಗಿನಿಂದ ನೋಡಿ: ಯಾವುದಾದರೂ ದಂಟು ಕಪ್ಪಗೆ, ನೀಲಿಗೆ ಕಂಡರೆ ಅದರಲ್ಲಿ ರಕ್ತವಿದೆ, ಆ ದಿನ ಕತ್ತರಿ ಕೆಳಗಿಡಿ. ಮೊಂಡು ತುದಿಗಳು ಮೈಗೆ ಚುಚ್ಚಿ, ಅದನ್ನು ಕಡಿಯಲು ಹೋಗಿ ಕೀಳುವ ಚಟ ಶುರುವಾಗುವುದುಂಟು. ಕತ್ತರಿಸಿದ ಗರಿಗಳ ನಡುವೆ ಒಂಟಿಯಾಗಿ ಹೊಸ ಗರಿ ಬಂದರೆ ಅದಕ್ಕೆ ಅಕ್ಕಪಕ್ಕದ ಆಸರೆ ಇರುವುದಿಲ್ಲ, ಬೇಗ ಮುರಿಯುತ್ತದೆ, ಮತ್ತೆ ಐದನೇ ಹಂತದ ರಕ್ತಸ್ರಾವ. ನನ್ನ ಅಭಿಪ್ರಾಯದಲ್ಲಿ ಕಿಟಕಿಗೆ ಜಾಲರಿ ಹಾಕಿಸುವುದೇ ಸರಿಯಾದ ದಾರಿ.

ಪಾರಿವಾಳ ಸಾಕುವವರಲ್ಲಿ ಕೆಲವರು ಹೊಸದಾಗಿ ತಂದ ಹಕ್ಕಿ ಹಾರಿಹೋಗದಿರಲೆಂದು ರೆಕ್ಕೆಯ ಗರಿಗಳನ್ನೇ ಕೀಳುತ್ತಾರೆ. ಕೆಲವು ವಾರಗಳಲ್ಲಿ ಹೊಸದು ಬರುತ್ತದಲ್ಲ ಎಂಬ ಧೈರ್ಯ. ಬರುತ್ತದೆ ನಿಜ, ಮೂಳೆಗೆ ಬಿಗಿದ ಗರಿಯನ್ನು ಒಂದೊಂದಾಗಿ ಎಳೆದ ಮೇಲೆ. ಕೆಲವು ವಾರ ಜಾಲರಿ ಗೂಡಿನಲ್ಲೇ ಇಟ್ಟು ಸುತ್ತಲಿನ ಜಾಗ ಪರಿಚಯವಾಗಲು ಬಿಟ್ಟರೆ, ಅಥವಾ ಹೊರಗಿನ ಗರಿಗಳನ್ನು ಮೆತ್ತನೆಯ ಟೇಪಿನಿಂದ ಸ್ವಲ್ಪ ದಿನ ಒಟ್ಟಿಗೆ ಸುತ್ತಿದರೆ ಅದೇ ಕೆಲಸ ಆಗುತ್ತದೆ.

ಹಂತ 8: ಮಾಂಸಕ್ಕೆ, ಜಾಕೆಟ್‌ಗೆ, ಅಲಂಕಾರಕ್ಕೆ ಬಳಸುವ ಪುಕ್ಕದ ಬಗ್ಗೆ

ಕೋಳಿ ಕುಯ್ಯುವ ಮನೆಗಳಲ್ಲಿ, ಅಂಗಡಿಗಳಲ್ಲಿ ಅವಸರಕ್ಕೆ ಇನ್ನೂ ಒದ್ದಾಡುತ್ತಿರುವ ಕೋಳಿಯನ್ನೇ ಬಿಸಿನೀರಿಗೆ ಅದ್ದುವುದನ್ನು ಬಹಳ ಜನ ನೋಡಿರುತ್ತೀರಿ. ರಕ್ತ ಪೂರ್ತಿ ಬಸಿಯಲು ಕನಿಷ್ಠ ಎರಡು ನಿಮಿಷ ಬಿಡಬೇಕು. ಉಸಿರು ನಿಂತಿದೆಯೇ, ಕಣ್ಣಿನ ಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕದೇ ಇದೆಯೇ ಎಂದು ನೋಡಿದ ಮೇಲೆ ಮಾತ್ರ ಅದ್ದಬೇಕು, ಪುಕ್ಕ ಕೀಳಬೇಕು. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರೇ ಸಾಕು. ಅಂಗಡಿಯಲ್ಲಿ ನಿಂತಾಗ ‘ಅಣ್ಣಾ, ಎರಡು ನಿಮಿಷ ಬಿಟ್ಟು ಹಾಕಿ’ ಎಂದು ಹೇಳಲು ಸಂಕೋಚ ಬೇಡ.

ಚಳಿದೇಶಗಳಲ್ಲಿ ನೆಲೆಸಿದ ನಮ್ಮವರು ಕೊಳ್ಳುವ ಡೌನ್ ಜಾಕೆಟ್, ರಜಾಯಿಗಳಲ್ಲಿರುವುದು ಬಾತು, ಹೆಬ್ಬಾತುಗಳ ತುಪ್ಪುಳು. ಹೆಚ್ಚಿನದು ಮಾಂಸಕ್ಕೆ ಕೊಂದ ಹಕ್ಕಿಗಳದು, ಆದರೆ ಜೀವಂತ ಹೆಬ್ಬಾತಿನಿಂದ ತೆಗೆಯುವ ಪದ್ಧತಿಯೂ ಇದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಇದನ್ನು ಪರಿಶೀಲಿಸಿತು. ಉದುರಲು ಮಾಗಿದ ಗರಿಯನ್ನು ಬಾಚಿ ತೆಗೆದರೆ ನೋವಾಗದು, ಮಾಗದ ಗರಿಯನ್ನು ಕಿತ್ತರೆ ನೋವು, ಗಾಯ ಎರಡೂ ಆಗುತ್ತದೆ ಎಂಬುದು ಅದರ ನಿಲುವು. ಒಂದೇ ಹಿಂಡಿನ ಹಕ್ಕಿಗಳೆಲ್ಲ ಒಂದೇ ದಿನ ಮಾಗಿರುವುದಿಲ್ಲ ಎಂಬಲ್ಲೇ ತೊಡಕು. 2014ರಲ್ಲಿ ಬಂದ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ ಗುರುತಿರುವ ಬಟ್ಟೆಗಳಲ್ಲಿ ಜೀವಂತ ಕೀಳುವಿಕೆಗೆ ಅವಕಾಶವಿಲ್ಲ. ಕೊಳ್ಳುವಾಗ ಆ ಗುರುತು ನೋಡಿ, ಅಥವಾ ಪಾಲಿಯೆಸ್ಟರ್ ತುಂಬಿದ್ದನ್ನು ಆರಿಸಿ.

ನವಿಲುಗರಿಯದು ನಮ್ಮ ಮನೆಬಾಗಿಲ ವಿಷಯ. ಗಂಡು ನವಿಲು ಮಳೆಗಾಲ ಮುಗಿಯುತ್ತ ಬಂದಂತೆ ತನ್ನ ಉದ್ದ ಗರಿಗಳನ್ನೆಲ್ಲ ಉದುರಿಸುತ್ತದೆ. ಆದಿಚುಂಚನಗಿರಿಯ ಸುತ್ತ, ಬಂಕಾಪುರದ ಕೋಟೆಯಲ್ಲಿ ಆಗ ನೆಲದ ಮೇಲೆ ಸಿಗುವುದು ಇವೇ. ಉದುರಿದ ಬಾಲದ ಗರಿಗೆ ದೇಶದೊಳಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ, ರಫ್ತಿಗೆ ನಿಷೇಧವಿದೆ. ಜಾತ್ರೆಯಲ್ಲಿ ಕಟ್ಟುಗಟ್ಟಲೆ ಮಾರುವವರಿಂದ ಕೊಳ್ಳುವ ಮುನ್ನ ಒಂದನೇ ಹಂತದ ಪರೀಕ್ಷೆಯನ್ನೇ ಮಾಡಿ: ಬುಡ ಒಣಗಿ ಬೆಳ್ಳಗಿರಬೇಕು. ಬುಡದಲ್ಲಿ ಕಲೆ, ಚರ್ಮದ ಚೂರು ಇದ್ದರೆ, ಅಥವಾ ಬುಡವನ್ನೇ ಕತ್ತರಿಸಿ ಮಾರುತ್ತಿದ್ದರೆ ಆ ಕಟ್ಟನ್ನು ಕೊಳ್ಳಬೇಡಿ.

ಹಂತ 9: ವೈದ್ಯರ ಬಳಿ ಹೋಗುವಾಗ, ಬಂದ ಮೇಲೆ

ಬಿದ್ದ ಗರಿಗಳನ್ನು ಕಾಗದದ ಕವರಿನಲ್ಲಿ ಹಾಕಿಕೊಳ್ಳಿ. ಪ್ಲಾಸ್ಟಿಕ್‌ನಲ್ಲಿ ಬೆವತು ಹಾಳಾಗುತ್ತವೆ. ಅಂದಿನ ಹಿಕ್ಕೆಯ ಫೋಟೊ, ಕೊಡುತ್ತಿರುವ ಮೇವಿನ ಒಂದು ಹಿಡಿ, ಬೋಳಾದ ಜಾಗದ ಹಳೆಯ ಫೋಟೊ ಇದ್ದರೆ ಅದೂ ಇರಲಿ. ದನ, ಎಮ್ಮೆ ನೋಡುವ ವೈದ್ಯರಿಗೆಲ್ಲ ಪಂಜರದ ಹಕ್ಕಿಗಳ ಅಭ್ಯಾಸ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ. ಹಳ್ಳಿಗಳಲ್ಲಿ ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ಗರಿ ಹರಿದ ಹದ್ದು, ಗೂಬೆಗಳಾದರೆ ಕಟ್ಟಿದ ದಾರವನ್ನು ನೀವೇ ಎಳೆದು ತೆಗೆಯಬೇಡಿ, ಬಾಯಿಗೆ ನೀರು ಹಾಕಬೇಡಿ. ದಾರವನ್ನು ಹಕ್ಕಿಯಿಂದ ಒಂದು ಗೇಣು ದೂರದಲ್ಲಿ ಕತ್ತರಿಸಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು 1926ಕ್ಕೆ ಕರೆ ಮಾಡಿ.

ಕಿತ್ತುಹೋದ ಗರಿ ಕುಳಿ ಚೆನ್ನಾಗಿದ್ದರೆ ಕೆಲವು ವಾರಗಳಲ್ಲೇ ಮತ್ತೆ ಬೆಳೆಯಲು ತೊಡಗುತ್ತದೆ. ಕತ್ತರಿಸಿದ ಅಥವಾ ನಡುವೆ ಮುರಿದ ಗರಿ ಹಾಗಲ್ಲ. ಮೊಂಡು ದಂಟು ಮುಂದಿನ ಸಲ ಗರಿ ಬದಲಾಗುವವರೆಗೆ ಅಲ್ಲೇ ಉಳಿಯುತ್ತದೆ. ಹೊಸ ಗರಿ ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ. ದಂಟಿಗೆ ಅಡ್ಡಲಾಗಿ ತೆಳ್ಳನೆಯ ಪಾರದರ್ಶಕ ಗೆರೆಗಳಿದ್ದರೆ ಅದು ಬೆಳೆಯುತ್ತಿದ್ದ ದಿನಗಳಲ್ಲಿ ಹಕ್ಕಿ ಹಸಿವು, ಕಾಯಿಲೆ ಅಥವಾ ಭಯಕ್ಕೆ ಒಳಗಾಗಿತ್ತು ಎಂದರ್ಥ, ಮೇವು ಮತ್ತು ಗೂಡನ್ನು ಇನ್ನೊಮ್ಮೆ ಪರಿಶೀಲಿಸಿ. ಕಾರಣ ತೆಗೆದು ಎರಡು ತಿಂಗಳಾದರೂ ಬೋಳು ಜಾಗದಲ್ಲಿ ಒಂದೂ ಎಳೆಗರಿಯ ಮೊನೆ ಏಳದಿದ್ದರೆ ಹಕ್ಕಿಯನ್ನು ಮತ್ತೆ ವೈದ್ಯರಿಗೆ ತೋರಿಸಿ.